ಒಂದೂ ಗಂಟಿಲ್ಲದ ಕಾಲುಚೀಲ

ಮಸೀದಿಯ ಬೆಳಗಿನ ಬಾಂಗ್ ಮುಗಿದಿದೆ. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಹಾಲಿನವನ ಸೈಕಲ್ಲೂ ಬಂದಿಲ್ಲ. ಲತೀಫಾ ನಮಾಜು ಮುಗಿಸಿ ಹೊಸ್ತಿಲ ಬಳಿ ಕೂತು, ಉಣ್ಣೆಯ ಕಾಲುಚೀಲವೊಂದನ್ನು ಒಳಗು ಹೊರಗು ಮಾಡಿ ಮುಷ್ಟಿಗೆ ಏರಿಸಿಕೊಂಡಿದ್ದಾರೆ. ಮುಂದೆ ಅವರು ಮಾಡುವುದನ್ನು ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಕಣ್ಣು ಮುಚ್ಚಿ ಆ ಮುಷ್ಟಿಯನ್ನು ರೆಪ್ಪೆಯ ಮೇಲೆ ಮೆಲ್ಲಗೆ ಉಜ್ಜುತ್ತಾರೆ. ಹಿಮ್ಮಡಿಯ ಭಾಗ ಆಯಿತು, ಅಂಗಾಲು ಆಯಿತು, ಬೆರಳಿನ ತುದಿ ಬಂದಾಗ ಮತ್ತೆ ಮತ್ತೆ ಉಜ್ಜುತ್ತಾರೆ.

“ಕೈನ ನಂಬಾಕ ಬರೂದಿಲ್ರಿ. ಮೀನಿನ ಬಲಿ ಹೆಣದು ಹೆಣದು ನನ್ನ ಕೈ ಜಡ್ಡುಗಟ್ಟ್ಯಾವ. ರೆಪ್ಪಿ ಹಂಗಲ್ಲ, ಒಂದ ಕೂದಲ ಎದ್ದಿದ್ರೂ ಹೇಳ್ತದ,” ಎನ್ನುತ್ತಾರೆ ಲತೀಫಾ.

ಒಳಗಿನಿಂದ ಅತ್ತೆ ವಜೀರಬಿಯ ದನಿ ಬರುತ್ತದೆ. ಎಪ್ಪತ್ತು ದಾಟಿದ ಜೀವ, ದನಿಗೆ ಮಾತ್ರ ಇನ್ನೂ ಇಪ್ಪತ್ತು. “ಮುಗೀತೇನ ನಿನ್ನ ಪಂಚನಾಮಾ? ಮೋಜಾ ಹೆಣಿಯಾಕ ಒಂದ ತಿಂಗಳಾ, ನೋಡಾಕ ಒಂದ ವರ್ಷಾ!”

ಮೋಜಾ ಎಂದರೆ ಈ ಕಡೆಯ ಮಾತಿನಲ್ಲಿ ಕಾಲುಚೀಲ. ಈ ಒಂದು ಮೋಜಾ ಇವತ್ತು ವಜೀರಬಿಯ ಬಲಗಾಲಿಗೆ ಏರಬೇಕು. ಆ ಕಾಲಿನಲ್ಲಿ ಕಿರುಬೆರಳಿಲ್ಲ. ಅದು ಹೋದದ್ದು ಇದೇ ಲತೀಫಾ ಹಿಂದೆ ಹೆಣೆದುಕೊಟ್ಟ ಇನ್ನೊಂದು ಮೋಜಾದಿಂದ.

ಈಗ ಅರ್ಥವಾಯಿತಲ್ಲ, ಈ ಹೆಂಗಸು ಬೆಳಗಿನ ಥಂಡಿಯಲ್ಲಿ ಕಾಲುಚೀಲವನ್ನು ಕಣ್ಣಿಗೊತ್ತಿಕೊಂಡು ಯಾಕೆ ಕೂತಿದ್ದಾರೆ ಅಂತ.

ಲತೀಫಾರ ಹೆಸರು ಯಾವ ಸನ್ಮಾನದ ಫಲಕದಲ್ಲೂ ಇಲ್ಲ. ಆದರೆ ಹುಮನಾಬಾದ, ಚಿಟಗುಪ್ಪ, ಮಂಠಾಳದ ಕಡೆ ಚಳಿಗಾಲ ಬಂತೆಂದರೆ ಅವರ ಕೈಕೆಲಸ ಎಷ್ಟೋ ಮನೆಗಳಲ್ಲಿ ಓಡಾಡುತ್ತಿರುತ್ತದೆ. ಹಾಕಿಕೊಳ್ಳುವವರು ಹೆಚ್ಚಾಗಿ ಶುಗರ್ ಇದ್ದು ಪಾದದ ಸ್ಪರ್ಶ ಸತ್ತವರು. ರಾತ್ರಿ ಬಸ್ಸಿನ ಕಂಡಕ್ಟರು, ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತೇ ಮುದುಕರಾದ ನೇಕಾರರು, ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಅಡುಗೆ, ನೀರು, ಅತ್ತೆಯ ಔಷಧಿ ಎಲ್ಲ ನಡುವೆ ಒಂದು ಜೊತೆ ಮುಗಿಯಲು ವಾರ ಬೇಕು. ಬಣ್ಣದ್ದಾದರೆ ಎರಡು ವಾರವೂ ಹಿಡಿಯುತ್ತದೆ.

ಅವರ ಬಣ್ಣದ ಮೋಜಾ ನೋಡಿದವರು ಹುಬ್ಬೇರಿಸುತ್ತಾರೆ. ಕರಿಮಣ್ಣು, ತೊಗರಿ, ಕುಸುಬೆಯ ಈ ಸೀಮೆಯಲ್ಲಿ ಹೆಣಿಗೆಯ ತುಂಬ ಸಮುದ್ರ! ಒಂದರಲ್ಲಿ ದಡಕ್ಕೆ ಬಂದು ಮುರಿಯುವ ಅಲೆ. ಒಂದರಲ್ಲಿ ಚಿಪ್ಪಿನ ಬೆನ್ನಿನ ಏಣುಗಳು. ಇನ್ನೊಂದರಲ್ಲಿ ಹಸಿರುನೀಲಿಯ ಮೇಲೆ ಕಪ್ಪು ಗೆರೆ ಸುರುಳಿ ಸುರುಳಿಯಾಗಿ ಓಡುತ್ತದೆ. ಅದು ಬಂಗುಡೆ ಮೀನಿನ ಬೆನ್ನು. ಕಪ್ಪು ಎಂದರೆ ಕುರಿಮರಿಯ ಸ್ವಂತ ಬಣ್ಣ, ನೀಲಿ ಬಜಾರಿನ ನೀಲಿ ಪುಡಿಯದು. ಅದೇ ನೀಲಿಗೆ ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿದರೆ ಹಸಿರು.

ಎಲ್ಲಕ್ಕಿಂತ ಕಷ್ಟದ್ದು ‘ಏಡಿ ಅಂಗಳ’. ಅಲೆ ಹಿಂದೆ ಸರಿದ ಮೇಲೆ ಹಸಿ ಮರಳಿನ ಬಿಲಗಳಿಂದ ಉಗುರಿನಷ್ಟು ಏಡಿಗಳು ಹೊರಬರುತ್ತವೆ. ಮರಳಲ್ಲಿರುವ ಸಾರವನ್ನು ತಿಂದು, ಉಳಿದ ಮರಳನ್ನು ಸಣ್ಣ ಸಣ್ಣ ಉಂಡೆ ಮಾಡಿ ಬಿಲದ ಸುತ್ತ ಸಾಲಾಗಿ ಇಡುತ್ತ ಹೋಗುತ್ತವೆ. ಯಾರೋ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಇಟ್ಟ ಹಾಗೆ ಕಾಣುತ್ತದೆ. ಲತೀಫಾ ಅದನ್ನು ಕಂದು ಉಣ್ಣೆಯ ಮೇಲೆ ಬಿಳಿ ಚುಕ್ಕಿಯಲ್ಲಿ ತಂದಿದ್ದಾರೆ. ಶುರುವಿನಲ್ಲಿ ನಡುವೆ ಒಂದು ಏಡಿಯನ್ನೂ ಹೆಣೆದಿದ್ದರು. ವಜೀರಬಿ ಅದನ್ನು ಹಿಡಿದು ನೋಡಿ, “ಜೀವ ಇರೂದರ ತಸ್ವೀರ್ ಕಾಲಿಗೆ ಹಾಕ್ಕೊಂಡು ಯಾರರ ನಮಾಜ್ ಮಾಡ್ತಾರೇನು? ಏಡಿನ್ನ ಹೊರಗ ಹಾಕು. ಅದರ ಕೆಲಸ ಇರ್ಲಿ,” ಎಂದರು. ಅಂದಿನಿಂದ ಅಂಗಳವಿದೆ, ಏಡಿ ಇಲ್ಲ. ಬಂಗುಡೆಗೂ ಕಣ್ಣಿಲ್ಲ, ತಲೆಯಿಲ್ಲ, ಬೆನ್ನೊಂದೇ.

ಈ ಸಮುದ್ರ ಅವರು ಟೀವಿಯಲ್ಲಿ ಕಂಡದ್ದಲ್ಲ. ಮದುವೆಯಾದ ವರ್ಷವೇ ಗಂಡ ನಸೀರ್ ಜೊತೆ ಮಲ್ಪೆಗೆ ಹೋದವರು. ನಸೀರ್ ಬೋಟಿಗೆ ಹೋಗುತ್ತಿದ್ದರು, ಮಳೆಗಾಲದಲ್ಲಿ ಹರಿದ ಬಲೆ ರಿಪೇರಿ. ಲತೀಫಾ ಸಿಗಡಿ ಸುಲಿಯುವ ಶೆಡ್ಡಿಗೆ. ಬೆಳಗಾಗುವುದರೊಳಗೆ ಶುರು, ಕಾಲ ಕೆಳಗೆ ಐಸ್ ಕರಗಿದ ನೀರು. ಗಂಬೂಟಿನೊಳಗೆ ಪಾದ ಮರಗಟ್ಟಿ, ಮನೆಗೆ ಬಂದು ಒಲೆ ಮುಂದೆ ಕಾಲು ಚಾಚಿದರೆ ಸೂಜಿ ಚುಚ್ಚಿದಂತಾಗುತ್ತಿತ್ತು.

“ಪಗಾರ ತಗೊಂಡ ದಿನಾನೂ ಅಳ್ತಿದ್ದೆ ನೋಡ್ರಿ,” ಎಂದು ನಗುತ್ತಾರೆ. “ನಮ್ಮೂರಾಗ ಬಿಸಲಿಗೆ ಅಳ್ತಾರ, ನಾ ಅಲ್ಲಿ ಹೋಗಿ ಬರ್ಫಕ್ಕ ಅಳ್ತಿದ್ದೆ.”

ಅದೇ ಶೆಡ್ಡಿನ ಸೆವ್ರಿನ್ ಬಾಯಿ ಎಂಬ ಹಿರಿಯ ಹೆಂಗಸು ಈ ಅಳು ನೋಡಲಾರದೆ ಒಂದು ದಿನ ತನ್ನ ಗಂಬೂಟು ಕಳಚಿ ಕಾಲು ತೋರಿಸಿದರು. ಒಳಗೆ ದಪ್ಪನೆಯ ಉಣ್ಣೆಯ ಕಾಲುಚೀಲ. “ಉಣ್ಣೆ ಚಂಡಿ ಆದ್ರೂ ಬೆಚ್ಚಗೆ ಇರ್ತದೆ ಮಾರಾಯ್ತಿ. ನಿಂಗೆ ಕಲಿಸ್ತೇನೆ, ಮೊದ್ಲು ಆ ಮೂಗು ಒರೆಸಿಕೊ,” ಎಂದರಂತೆ. ಒದ್ದೆಯಾದರೂ ಬೆಚ್ಚಗಿರುವ ಬಟ್ಟೆ ಇದೆ ಎಂಬುದೇ ಲತೀಫಾರಿಗೆ ಹೊಸದು. ಹಳೆಯ ಸ್ವೆಟರ್ ಬಿಚ್ಚಿದ ನೂಲು, ಸೈಕಲ್ ಚಕ್ರದ ಕಡ್ಡಿ ಉಜ್ಜಿ ಮಾಡಿದ ಐದು ಸೂಜಿ. ಬಿಚ್ಚಿದ ಸ್ವೆಟರುಗಳು ಬೇರೆ ಬೇರೆ ಬಣ್ಣದವಾದ್ದರಿಂದ ಬಣ್ಣ ಕೂಡಿಸುವುದು ತಾನಾಗಿ ಬಂತು. ಕೂಡಿಸಿದ ಮೇಲೆ ಸುಮ್ಮನಿರಲು ಮನಸ್ಸು ಕೇಳಲಿಲ್ಲ, ಕಣ್ಣೆದುರಿನ ಅಲೆ, ಚಿಪ್ಪು, ಮೀನಿನ ಬೆನ್ನು ಒಂದೊಂದಾಗಿ ಸೂಜಿಗೆ ಬಂದವು.

ಬಲೆಯ ಗಂಟು ಕಲಿಸಿದ್ದು ನಸೀರ್. ಒಬ್ಬರೇ ರಿಪೇರಿ ಮಾಡಿ ಮುಗಿಯದಷ್ಟು ಬಲೆ ಬಂದಾಗ ಬಾಡಿಗೆಯ ಖೋಲಿಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಹೆಣೆಯುತ್ತಿದ್ದರು. ಎಳೆದಷ್ಟೂ ಬಿಗಿಯಾಗುವ, ಜೋಳದ ಕಾಳಿನಂಥ ಗಟ್ಟಿ ಗಂಟು. ಲತೀಫಾರ ಗಂಟು ಜಾರಿದ್ದೇ ಇಲ್ಲವೆಂದು ಬೋಟು ನಡೆಸುವ ತಾಂಡೇಲರೇ ಹೇಳುತ್ತಿದ್ದರಂತೆ. ಆ ಮಾತು ಬಂದರೆ ಇವತ್ತಿಗೂ ನಸೀರ್ ಹಿಗ್ಗುತ್ತಾರೆ, ಲತೀಫಾ ಮಾತ್ರ ಎದ್ದು ಒಳಗೆ ಹೋಗುತ್ತಾರೆ.

ನಸೀರ್‌ರ ಎರಡು ಬೆರಳು ಬೋಟಿನ ಹಗ್ಗಕ್ಕೆ ಸಿಕ್ಕು ಮಡಚದಂತಾದ ಮೇಲೆ ದಂಪತಿ ಊರಿಗೆ ಮರಳಿದರು. ನಸೀರ್ ಟಂಟಂ ಆಟೋ ಹಿಡಿದರು. ಬಸವಕಲ್ಯಾಣದಿಂದ ಹೆದ್ದಾರಿಯ ಬಂಗ್ಲಾ ಸ್ಟಾಪಿನವರೆಗೆ ಜನ ತುಂಬಿಕೊಂಡು ಹೋಗಿ ಬರುವುದು. ಮನೆಯಲ್ಲಿ ವಜೀರಬಿಗೆ ಶುಗರ್ ಹತ್ತಿತ್ತು. ಆ ವರ್ಷದ ಚಳಿಗೆ ಲತೀಫಾ ಪ್ರೀತಿಯಿಂದ, ಕಡು ನೀಲಿಯ ಮೇಲೆ ಬಿಳಿ ಅಲೆಯ ಜೊತೆಯೊಂದನ್ನು ಅತ್ತೆಗೆ ಹೆಣೆದರು. ಕಿರುಬೆರಳ ಹತ್ತಿರ ಬಣ್ಣ ಬದಲಾಗುವಲ್ಲಿ ನೂಲಿಗೆ ನೂಲು ಕೂಡಿಸಿ, ಕೈಗೆ ರೂಢಿಯಾಗಿದ್ದ ಬಲೆಯ ಗಂಟನ್ನೇ ಹಾಕಿ ಬಿಗಿಯಾಗಿ ಎಳೆದರು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೇ ಎಳೆದರು.

ವಜೀರಬಿ ಅದನ್ನು ಓಣಿಯೆಲ್ಲ ತೋರಿಸಿಕೊಂಡು ಬಂದರು. ನೋವು ಗೊತ್ತಾಗುವ ಕಾಲಾಗಿದ್ದರೆ ಮೊದಲ ದಿನವೇ “ಏನೋ ಚುಚ್ಚಾಕತ್ತದ” ಎಂದು ಕಿತ್ತೆಸೆಯುತ್ತಿದ್ದರು. ಆ ಕಾಲಿಗೆ ಏನೂ ಗೊತ್ತಾಗಲಿಲ್ಲ. ಗಂಟು ತನ್ನ ಕೆಲಸ ತಾನು ಮಾಡುತ್ತಲೇ ಇತ್ತು.

“ನೀಲಿ ಬಣ್ಣದಾಗ ರಕ್ತ ಕಾಣ್ಲಿಲ್ರಿ,” ಎನ್ನುತ್ತಾರೆ ಲತೀಫಾ. “ವಾಸನಿ ಬಂದ ಮ್ಯಾಲೆ ತಗದು ನೋಡಿದೆ. ಮೋಜಾ ಕಾಲಿಗೆ ಅಂಟಿತ್ತು.”

ಬೇರೆ ಊರಿನ ದೊಡ್ಡ ದವಾಖಾನೆಯಲ್ಲಿ ಬೆರಳು ತೆಗೆದರು. ಊರಿಗೆ ಬಂದವರೇ ಲತೀಫಾ ಐದೂ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿ ಮಾಳಿಗೆಯ ತೊಲೆಯ ಮೇಲೆ ಎಸೆದರು. ಹುಮನಾಬಾದದ ಒಂದು ಸಣ್ಣ ಖಾಸಗಿ ಕ್ಲಿನಿಕ್ಕಿಗೆ ಅತ್ತೆಯನ್ನು ದಿನ ಬಿಟ್ಟು ದಿನ ಟಂಟಂನಲ್ಲಿ ಕರೆದೊಯ್ದು ಪಟ್ಟಿ ಕಟ್ಟಿಸಿದರು. ಅತ್ತೆ ಒಂದು ದಿನವೂ ಬೈಯಲಿಲ್ಲ. ಎಲ್ಲದಕ್ಕೂ ಬೈಯುವ ಹೆಂಗಸು ಇದೊಂದಕ್ಕೆ ಬೈಯದೆ ಇದ್ದದ್ದೇ ಲತೀಫಾರಿಗೆ ಬೈಗುಳಕ್ಕಿಂತ ದೊಡ್ಡ ಶಿಕ್ಷೆಯಾಯಿತು.

ಮೀರಾಬಾಯಿ ಸಿಕ್ಕಿದ್ದು ಆ ಕ್ಲಿನಿಕ್ಕಿನ ಪಡಸಾಲೆಯಲ್ಲಿ. ಚಿಟಗುಪ್ಪ ತಾಲೂಕಿನ ಬೇಮಳಖೇಡದವರು. ಗಂಡ ಪಂಡರಿ ಕುರಿ ಕಾಯುತ್ತಾರೆ. ಒಡೆದ ಹಿಮ್ಮಡಿ ತೋರಿಸಲು ಬಂದ ಮೀರಾಬಾಯಿ, ಸರದಿ ಬರುವ ತನಕ ಕೈ ಯಾಕೆ ಖಾಲಿ ಇಡಬೇಕೆಂದು ತಕಲಿ ತಿರುಗಿಸುತ್ತ ಕುರಿಯುಣ್ಣೆ ನೂಲುತ್ತಿದ್ದರು. ನೂಲು ಪಟ್ಟೆಂದು ಹರಿಯಿತು. ಮೀರಾಬಾಯಿ ಎರಡೂ ತುದಿಯನ್ನು ಬೆರಳಲ್ಲಿ ಬಿಡಿಸಿ ಅರಳಿಸಿ, ಒಂದರ ಮೇಲೊಂದು ಇಟ್ಟು, ಉಗುಳು ಹಚ್ಚಿ ಎರಡೂ ಅಂಗೈ ನಡುವೆ ಗಸಗಸ ಉಜ್ಜಿದರು. ನೂಲು ಒಂದಾಯಿತು. ಲತೀಫಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

“ಗಂಟ ಹಾಕಲಿಲ್ಲ ಯಾಕ ವೈನಿ?”

“ಕಂಬಳ್ಯಾಗ ಗಂಟ ಬಂದ್ರ ಮಲಗಿದವರ ಬೆನ್ನಿಗೆ ಚುಚ್ಚತಾವಲ್ಲವ್ವಾ. ಉಣ್ಣಿಗ್ಯಾಕ ಗಂಟು? ನೀರ ಹಚ್ಚಿ ತಿಕ್ಕಿದ್ರ ತಾನ ಹಿಡಕೊಂತದ,” ಎಂದರು ಮೀರಾಬಾಯಿ. ಎದುರಿಗಿರುವಾಕೆಯ ಕಣ್ಣಲ್ಲಿ ದಳದಳ ನೀರು. ಪಾಪ, ಮೀರಾಬಾಯಿ ತಾನೇನೋ ಅನ್ನಬಾರದ್ದು ಅಂದೆನೆಂದು ಗಾಬರಿಯಾಗಿ ತನ್ನ ಬುತ್ತಿಯ ರೊಟ್ಟಿಯನ್ನೇ ಮುಂದಿಟ್ಟರಂತೆ.

ಆ ರೊಟ್ಟಿಯಿಂದ ಶುರುವಾದ ಸ್ನೇಹ ಈಗಲೂ ನಡೆದಿದೆ. ಬೇಮಳಖೇಡದಲ್ಲಿ ಉಣ್ಣೆ ಕೊಳ್ಳುವವರಿಲ್ಲದೆ ಪಂಡರಿ ಕತ್ತರಿಸಿದ ತುಪ್ಪಟವನ್ನು ಹೊಲದ ಬದುವಿಗೆ ಸುರಿಯುತ್ತಿದ್ದರು. ಈಗ ಮರಿಗಳ ಮೊದಲ ತುಪ್ಪಟವನ್ನು, ಅದೊಂದೇ ಮೆತ್ತಗಿರುತ್ತದೆ, ಬೇರೆ ಚೀಲದಲ್ಲಿ ತೆಗೆದಿಡುತ್ತಾರೆ. ಮೀರಾಬಾಯಿ ನೂಲುತ್ತಾರೆ, ಲತೀಫಾ ಹೆಣೆಯುತ್ತಾರೆ. ತೊಲೆಯ ಮೇಲಿನ ಸೂಜಿ ಇಳಿಸಲು ನಸೀರ್ ಸ್ಟೂಲ್ ಹಾಕಿದಾಗ ವಜೀರಬಿ ಕೆಳಗಿನಿಂದ ಹೇಳಿದ್ದು ಇಷ್ಟೇ: “ಇಷ್ಟ ದಿನಾ ಬೇಕಾತೇನು? ನೆಗಡಿ ಬಂತಂತ ಮೂಗ ಕೊಯ್ಕೊಂತಾರೇನ ಯಾರರ?”

ಗಂಟು ಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಎರಡು ಬಣ್ಣದಲ್ಲಿ ಹೆಣೆಯುವಾಗ ಮೇಲೆ ಕಾಣದ ಬಣ್ಣದ ನೂಲು ಒಳಗಡೆ ಅಡ್ಡಡ್ಡ ಹಾದುಹೋಗುತ್ತದೆ. ಗಂಟಿಲ್ಲದ ಮೊದಲ ಜೊತೆಯನ್ನು ಲತೀಫಾ ಮೀರಾಬಾಯಿಗೇ ಕಾಣಿಕೆ ಕೊಟ್ಟರು. ಹಾಕಿಕೊಳ್ಳಲು ಹೋದರೆ ಮೀರಾಬಾಯಿಯ ಕಾಲುಂಗುರ ಆ ಎಳೆಗಳಿಗೆ ಸಿಕ್ಕಿಬಿತ್ತು. ಎಳೆದಷ್ಟೂ ಮೋಜಾ ಮುದುಡಿತು. ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಪಂಡರಿ ಕಾಲು ಹಿಡಿದು, ಲತೀಫಾ ಎಳೆ ಬಿಡಿಸಿ, ಬೇಮಳಖೇಡದ ಮನೆಯ ಪಡಸಾಲೆಯಲ್ಲಿ ದೊಡ್ಡ ತಮಾಷೆ.

“ನಮ್ಮೊಳಗ ಕಾಲುಂಗುರ ಹಾಕೂದಿಲ್ಲಲ್ರಿ, ನನ್ನ ತಲಿಗೇ ಹೊಳಿಲಿಲ್ಲ,” ಎನ್ನುತ್ತಾರೆ ಲತೀಫಾ. “ಮೀರಾ ವೈನಿ ಒಂದ ಸವನ ನಗ್ತಿದ್ರು. ‘ಬಂಗುಡಿ ಹೆಣೀತಿ ಅಂದ್ರ ನನ್ನನ್ನ ಬಲ್ಯಾಗ ಹಾಕಿದ್ಯಲ್ಲವ್ವಾ’ ಅಂದ್ರು.” ಅಂದಿನಿಂದ ಎರಡು ಕುಣಿಕೆಗೊಮ್ಮೆ ಹಿಂದಿನ ಎಳೆಯನ್ನು ಒಳಗೇ ಸಿಕ್ಕಿಸುತ್ತಾರೆ. ಉಂಗುರವೂ ಸಿಗಬಾರದು, ಉಗುರೂ ಸಿಗಬಾರದು.

ಉಳಿದ ಪಾಠ ಹೇಳಿದ್ದು ಕ್ಲಿನಿಕ್ಕಿನ ನರ್ಸ್ ಶೀತಲ. ಮೇಲಂಚು ಬಿಗಿಯಾಗಬಾರದು, ಅಂಗಾಲು ಮತ್ತು ಬೆರಳಿನ ಭಾಗ ಬಿಳಿಯೇ ಇರಬೇಕು. ಗಾಯವಾದರೆ ಕಲೆ ಕಂಡು ಗೊತ್ತಾಗಲಿ ಅಂತ. ಸ್ಪರ್ಶ ಇಲ್ಲದ ರೋಗಿಗಳಿಗೆ ಶೀತಲ ಈಗ ತಾವೇ ಲತೀಫಾರ ಮನೆ ದಾರಿ ಹೇಳಿ ಕಳಿಸುತ್ತಾರೆ. ಪೂರ್ತಿ ಬಿಳಿಯ ಜೊತೆ ಹೆಣೆದರೆ ಬಣ್ಣ ಕೂಡಿಸುವ ತಂಟೆಯೇ ಇಲ್ಲ, ಅಪಾಯವೂ ಕಡಿಮೆ. ಲತೀಫಾ ಅಂಥವರಿಗೆಲ್ಲ ಬಿಳಿಯದನ್ನೇ ಹೆಣೆಯುತ್ತ ಬಂದರು. ಅಲೆ, ಚಿಪ್ಪು, ಬಂಗುಡೆ ಏನಿದ್ದರೂ ಕಾಲು ನೆಟ್ಟಗಿರುವವರಿಗೆ.

ಹಾಗೆಯೇ ಒಂದು ಬಿಳಿ ಜೊತೆಯನ್ನು ಅತ್ತೆಗೂ ಹೆಣೆದು ಕಾಲ ಬಳಿ ಇಟ್ಟರು. ವಜೀರಬಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದೇನ? ಕಫನ್ನಿನ ಬಟ್ಟಿ ಕಾಲಿಂದ ಶುರು ಮಾಡಿದ್ಯಾ? ನಾ ಇನ್ನ ಸತ್ತಿಲ್ಲ.”

ಬೇಡಿಕೊಂಡರೂ ಇಲ್ಲ, ಮಗ ಹೇಳಿದರೂ ಇಲ್ಲ. ಚಪ್ಪಲಿ ಹಾಕಿಕೊಳ್ಳಲೂ ಬೇಸರ. ಕಳೆದ ಚಳಿಗಾಲವಿಡೀ ವಜೀರಬಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲೇ ತಿರುಗಿದರು. ಹಿಮ್ಮಡಿ ಬಿರಿಯಿತು. ಶೀತಲ ಆ ಬಿರುಕು ನೋಡಿದವರೇ ಗಂಭೀರರಾದರು. “ಅಮ್ಮಾ, ಇನ್ನೊಂದ ಗಾಯ ಆದ್ರ ಬೆರಳಿಗೆ ಮುಗಿಯೂದಿಲ್ಲ. ಪಾದಾನ ಹೋಗ್ತದ. ಮೋಜಾ ಹಾಕೋಳ್ರಿ.”

“ಹಾಕೋತೀನಿ. ಏಡಿ ಅಂಗಳದ್ದು ಹೆಣೀಲಿ, ಹಾಕೋತೀನಿ,” ಎಂದರು ವಜೀರಬಿ. “ಊರಿಗೆಲ್ಲಾ ಸಮುಂದರ್, ನನಗಷ್ಟ ಕಫನ್. ಊರಿಗೆ ಉಪಕಾರಿ, ಮನಿಗೆ ಮಾರಿ ಅಂದ್ರ ಇದ ನೋಡು.”

ಲತೀಫಾ ಆಗ ಮೊದಲ ಸಲ ಅತ್ತೆಗೆ ಎದುರು ಮಾತಾಡಿದರು. ಕ್ಲಿನಿಕ್ಕಿನ ಪಡಸಾಲೆಯಲ್ಲೇ, ಹತ್ತು ಜನರೆದುರು. “ಬಣ್ಣದಿಂದ ಒಂದ ಬೆರಳ ಹೋಗೇದ ಅಮ್ಮಾ! ನನ್ನ ಕೈಯಿಂದ ಹೋಗೇದ. ಮತ್ತ ಹೆಣಿ ಅಂದ್ರ ಹ್ಯಾಂಗ ಹೆಣೀಲಿ?”

ವಜೀರಬಿ ತಡೆದು ತಡೆದು ಹೇಳಿದ್ದನ್ನು ಶೀತಲ ಇವತ್ತಿಗೂ ಮರೆತಿಲ್ಲ. ಈಗ ಹಾಸ್ಟೆಲಿನಲ್ಲಿರುವ ಮೊಮ್ಮಗ ಹುಟ್ಟಿದಾಗ ಬಾಣಂತನಕ್ಕೆಂದು ವಜೀರಬಿ ಒಮ್ಮೆ ಮಲ್ಪೆಗೆ ಹೋಗಿದ್ದರು. ಸಂಜೆ ಅಲೆ ಸರಿದ ಮರಳ ಮೇಲೆ ಸೊಸೆ ಕೈ ಹಿಡಿದು ನಡೆಸಿದ್ದಳು. “ಆ ಏಡಿ ಉಂಡಿ ಕಾಲ ಕೆಳಗ ಪುಟುಪುಟು ಅಂತ ಒಡೀತಿದ್ವು. ಹಸಿ ಮರಳು ಬೆರಳ ಸಂದ್ಯಾಗಿಂದ ಮ್ಯಾಲ ಬರ್ತಿತ್ತು. ಈಗ ನನ್ನ ಕಾಲಿಗೆ ಏನಂದ್ರ ಏನೂ ಗೊತ್ತಾಗೂದಿಲ್ಲ. ಅದೊಂದ ನೆನಪ ಅದ. ಅದನ್ನ ಹಾಕ್ಕೋಬೇಕು ಅನಸ್ತದ ನನಗ. ತಪ್ಪೇನ?”

ಶೀತಲ ನಡುವೆ ಬಂದು ರಾಜಿ ಮಾಡಿಸಿದರು. ಅಂಗಾಲು, ಬೆರಳು, ಹಿಮ್ಮಡಿ ಬಿಳಿ. ಪಾದದ ಮೇಲೂ ಕಣಕಾಲಿಗೂ ಏಡಿ ಅಂಗಳ. ಮೊದಲು ಬಲಗಾಲಿನದು ಒಂದೇ. ಅದು ಸರಿಬಂದರೆ ಎಡಗಾಲಿಂದು. “ಒಂದ ಕಾಲಿಗೆ ಸಮುಂದರ್, ಒಂದ ಕಾಲಿಗೆ ಬಸವಕಲ್ಯಾಣ. ಚಲೋ ಆತು,” ಎಂದರು ವಜೀರಬಿ.

ಅಳತೆ ತೆಗೆದ ದಿನವನ್ನು ನಸೀರ್ ನೆನೆಯುತ್ತಾರೆ. ನೆಲದ ಮೇಲೆ ಹಳೆಯ ಪೇಪರು ಹಾಸಿ, ಅಮ್ಮನ ಪಾದ ಅದರ ಮೇಲಿಟ್ಟು, ಲತೀಫಾ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದರು. ಹೆಬ್ಬೆರಳಿಂದ ಹೊರಟ ಪೆನ್ಸಿಲು ಕಿರುಬೆರಳಿದ್ದ ಜಾಗಕ್ಕೆ ಬಂದು ನಿಂತುಬಿಟ್ಟಿತು. ಮುಂದಕ್ಕೆ ಹೋಗಲೊಲ್ಲದು. ವಜೀರಬಿ ಬಗ್ಗಿ ಸೊಸೆಯ ಕೈಯಿಂದ ಪೆನ್ಸಿಲು ಕಿತ್ತುಕೊಂಡು ಆ ತಗ್ಗನ್ನು ತಾವೇ ಬರೆದು ವಾಪಸು ಕೊಟ್ಟರು. ಮೋಜಾದ ತುದಿ ಅದೇ ಗೆರೆಯಂತೆ ಒಂದು ಕಡೆ ಓರೆಯಾಗಿದೆ. ಬೆರಳಿಲ್ಲದ ಕಡೆ ಖಾಲಿ ಬಟ್ಟೆ ಮಡಚಿಕೊಂಡು ಒತ್ತಬಾರದಲ್ಲ. ಆ ತುದಿಯನ್ನೇ ಎಷ್ಟು ಸಲ ಬಿಚ್ಚಿ ಹೆಣೆದರೋ ಲೆಕ್ಕವಿಲ್ಲ. ಎರಡು ಬಣ್ಣದ ನೂಲು ಕೂಡುವಲ್ಲೆಲ್ಲ ತುದಿ ಅರಳಿಸಿ, ಒದ್ದೆ ಮಾಡಿ, ಅಂಗೈಯಲ್ಲಿ ಉಜ್ಜಿ ಬೆಸೆದಿದ್ದಾರೆ. ನಮಾಜಿಗೆ ಹಾಕುವ ಮೋಜಾ ಎಂದು ಉಗುಳಿನ ಬದಲು ಬಿಸಿನೀರು. ಬಾಯಿ ನೀರಿನಷ್ಟು ಗಟ್ಟಿ ಹಿಡಿಯುವುದಿಲ್ಲವೆಂದು ಮೀರಾಬಾಯಿ ಇವತ್ತಿಗೂ ವಾದಿಸುತ್ತಾರೆ.

ಬೆಳಕು ಹರಿದಿದೆ. ನಸೀರ್ ಟಂಟಂ ಹೊರಗಿಟ್ಟು ಸ್ಟಾರ್ಟ್ ಮಾಡದೆ ನಿಂತಿದ್ದಾರೆ. ಲತೀಫಾ ಅತ್ತೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒಣ ಬಟ್ಟೆಯಿಂದ ಬೆರಳ ಸಂದಿಗಳನ್ನು ಒರೆಸುತ್ತಾರೆ, ಮೋಜಾವನ್ನು ಎರಡೂ ಕೈಯಿಂದ ಅಗಲಿಸಿ ಮೆಲ್ಲಗೆ ಏರಿಸುತ್ತಾರೆ. ಕಂದು ಮರಳ ಮೇಲೆ ಬಿಳಿ ಚುಕ್ಕಿಗಳು ಪಾದದ ಮೇಲೆ ಹರಡಿಕೊಳ್ಳುತ್ತವೆ. ವಜೀರಬಿ ಕಾಲು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ.

“ಎಲ್ಲೆರ ಚುಚ್ಚತದೇನ ಅಮ್ಮಾ?”

“ನನ್ನ ಕೇಳ್ತಿ? ನನಗ ಹ್ಯಾಂಗ ಗೊತ್ತಾಗಬೇಕು? ನೀನ ಹೇಳು, ಚುಚ್ಚತದೇನು?”

ಒಂದು ತಾಸಿಗೆ ತೆಗೆದು ನೋಡಬೇಕೆಂಬುದು ಶೀತಲರ ಕಟ್ಟಪ್ಪಣೆ. ಲತೀಫಾ ಅರ್ಧ ತಾಸಿಗೇ ತೆಗೆಯುತ್ತಾರೆ. ಕೈಗನ್ನಡಿ ಹಿಡಿದು ಅಂಗಾಲು, ಪಕ್ಕ, ಓರೆ ತುದಿ ಎಲ್ಲ ನೋಡುತ್ತಾರೆ. ಏನೂ ಇಲ್ಲ. ಮತ್ತೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿ. ಮಧ್ಯಾಹ್ನದ ಹೊತ್ತಿಗೆ ವಜೀರಬಿಯ ತಾಳ್ಮೆ ಮುಗಿಯುತ್ತದೆ. “ಇದೇನ ಕಾಲೋ ಪೋಸ್ಟ್ ಡಬ್ಬಿಯೋ? ಬಿಡು ನನ್ನ!” ಎಂದು ಕೋಲೂರಿಕೊಂಡು ಎದುರುಮನೆಯ ಫಕ್ರುನ್ನೀಸಾರ ಕಟ್ಟೆಗೆ ಹೋಗಿ ಕೂರುತ್ತಾರೆ. ಸೀರೆಯನ್ನು ಬೇಕೆಂದೇ ಗೇಣುದ್ದ ಮೇಲಕ್ಕೆ ಸರಿಸಿ, ಬಲಗಾಲನ್ನು ಮುಂದೆ ಚಾಚಿ. ಅಲ್ಲಿಂದ ಈಚೆಗೆ ನಗು ಕೇಳುತ್ತದೆ. ಲತೀಫಾ ಅಡುಗೆಮನೆಯ ಕಿಟಕಿಯಿಂದ ಒಂದೇ ಸಮನೆ ಆ ಕಾಲನ್ನೇ ನೋಡುತ್ತಾರೆ, ಒಲೆಯ ಮೇಲಿನ ಬೇಳೆ ತಳ ಹಿಡಿಯುತ್ತದೆ.

ಸಂಜೆಯ ಅಸರ್ ನಮಾಜಿನ ಹೊತ್ತಿಗೆ ವಜೀರಬಿ ಮರಳಿ ಬಂದು ಮಂಚದ ಮೇಲೆ ಕಾಲು ಎತ್ತಿಡುತ್ತಾರೆ. ಬಿಳಿ ಅಂಗಾಲಿನಲ್ಲಿ, ಕಿರುಬೆರಳಿದ್ದ ಕಡೆಗೇ, ರೂಪಾಯಿ ಅಗಲದ ಕೆಂಪು ಕಲೆ.

ಲತೀಫಾರ ಬಾಯಿಂದ “ಯಾ ಅಲ್ಲಾ” ಎಂಬುದಷ್ಟೇ ಹೊರಡುತ್ತದೆ. ಮಂಡಿಯೂರಿ ಮೋಜಾ ಎಳೆಯುತ್ತಾರೆ, ಅವಸರಕ್ಕೆ ಅದು ಹಿಮ್ಮಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ನಸೀರ್ ಓಡಿ ಬಂದು ಹಿಡಿಯುತ್ತಾರೆ. ಮೋಜಾ ಬರುತ್ತದೆ. ಒಳಗಿನ ಪಾದ ಒಣಗಿದೆ, ಬೆಚ್ಚಗಿದೆ, ಎಲ್ಲೂ ಒಂದು ಗೀರಿಲ್ಲ. ಒರೆಸುತ್ತಾರೆ, ಕನ್ನಡಿ ಹಿಡಿಯುತ್ತಾರೆ, ಬೆರಳಿಂದ ಒತ್ತಿ ನೋಡುತ್ತಾರೆ. ಇಲ್ಲ. ಮೋಜಾವನ್ನು ಒಳಗು ಹೊರಗು ಮಾಡಿದರೆ ಕಲೆ ಹೊರಗಡೆಯೇ ಗಾಢವಾಗಿದೆ, ಒಳಗೆ ಬರೀ ನೆರಳು. ನಸೀರ್ ಅದನ್ನು ಮೂಗಿಗೆ ಹಿಡಿಯುತ್ತಾರೆ.

“ಪಾನ್!” ಎನ್ನುತ್ತಾರೆ. “ಅಮ್ಮಾ, ಫಕ್ರುನ್ನೀಸಾ ಖಾಲಾನ ಕಟ್ಟಿ ಮ್ಯಾಲ ಚಪ್ಪಲ್ ಬಿಟ್ಟು, ಉಗುಳಿದ್ದರ ಮ್ಯಾಲ ಕಾಲ ಇಟ್ಟಿ ನೀ!”

“ಇಟ್ಟಿರಬೇಕು. ನನಗೇನ ಗೊತ್ತಾಗ್ತದ?” ಎಂದು ವಜೀರಬಿ ಸೊಸೆಯ ಕಡೆ ತಿರುಗುತ್ತಾರೆ. ಲತೀಫಾ ನೆಲದ ಮೇಲೆ ಕೂತು, ಅತ್ತೆಯ ಪಾದವನ್ನು ಎದೆಗೊತ್ತಿ ಹಿಡಿದುಕೊಂಡು ಮಗುವಿನ ಹಾಗೆ ಬಿಕ್ಕುತ್ತಿದ್ದಾರೆ. ಇಷ್ಟು ವರ್ಷ ಮನೆಯಲ್ಲಿ ಯಾರೆದುರೂ ಅಳದೆ ಇಟ್ಟುಕೊಂಡಿದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂದಿದೆ. ವಜೀರಬಿ ಸೊಸೆಯ ತಲೆ ಸವರುತ್ತಾರೆ. ಆಮೇಲೆ ತಮ್ಮ ಮಾಮೂಲು ಗತ್ತಿಗೆ ಮರಳುತ್ತಾರೆ.

“ಏಳು. ಹೋದದ್ದು ನನ್ನ ಬೆರಳ ಇತ್ತು, ಮಾಫ್ ಮಾಡೂಕಿ ನಾ. ಅವತ್ತ ಮಾಡೇನಿ. ಬೈದಿಲ್ಲ ಅಂದ್ರ ಮಾಫ್ ಮಾಡೇನಿ ಅಂತ ತಿಳೀಬೇಕಲ್ಲ ಹುಚ್ಚಿ? ಉಳಿದಾವು ಇನ್ನ ಮ್ಯಾಲ ನಿನ್ನ ಜಿಮ್ಮಾ, ನೀನ ಕಾಯಬೇಕು. ಎಡಗಾಲಿಂದು ಯಾವಾಗ ಶುರು ಮಾಡ್ತಿ?”

ಲತೀಫಾ ಮುಖ ತೊಳೆದು, ಬೇಳೆಯ ತಳ ಕೆರೆದು ಬೇರೆ ಪಾತ್ರೆಗೆ ಸುರಿದು, ಅಂಗಳದಲ್ಲಿ ಮೋಜಾದ ಕಲೆಯನ್ನು ತಣ್ಣೀರಲ್ಲಿ ಉಜ್ಜಲು ಕೂರುತ್ತಾರೆ. ಕಂದು ನೂಲಿನ ಹೊಸ ಉಂಡೆಯೊಂದು ಆಗಲೇ ಬುಟ್ಟಿಯಿಂದ ಹೊರಬಂದು ಪಕ್ಕದಲ್ಲಿದೆ. ಮುಂದೇನು ಆಸೆ, ಹುಮನಾಬಾದದಲ್ಲಿ ಒಂದು ಅಂಗಡಿ, ಒಂದು ಮಷೀನು, ನಾಲ್ಕು ಜನ ಕಲಿಯುವವರು, ಹೀಗೇನಾದರೂ ಇದೆಯೇ ಎಂದು ಕೇಳಿದರೆ ತಲೆ ಎತ್ತದೆಯೇ ನಗುತ್ತಾರೆ.

“ಕಲೀತೀನಿ ಅಂದವರಿಗೆ ಕಲಸ್ತೀನ್ರಿ, ಅದೇನ ದೊಡ್ಡ ಮಾತಲ್ಲ. ಅಂಗಡಿ ಗಿಂಗಡಿ ಆಮ್ಯಾಲ ನೋಡೂಣು. ನಮ್ಮ ಅಮ್ಮಾಗ ಒಂಬತ್ತ ಬೆರಳ ಅದಾವ. ಒಂಬತ್ತೂ ಹಿಂಗ ಇರಬೇಕು.”